ಪಂಕಜಳ ಜ್ವರ ಇಳಿಸಿದ ಬೇಸಿಗೆ

ಬಸವೇಶ್ವರನಗರದಲ್ಲಿ ಮಧ್ಯಾಹ್ನವಾದರೆ ಕರೆಂಟು ಹೋಗುತ್ತಿದ್ದ ಕಾಲ ಅದು. ನಾನಾಗ ಐದನೇ ಕ್ಲಾಸು, ಬೇಸಿಗೆ ರಜೆ. ನಮ್ಮ ಜೊತೆಗೇ ಇದ್ದ ದೊಡ್ಡಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಒಂದು ತಿಂಗಳು ಓದುವಂತಿಲ್ಲ, ಅಳುವಂತಿಲ್ಲ ಎಂದಿದ್ದರು ಡಾಕ್ಟರು. ದೊಡ್ಡಮ್ಮ ಒಂದು ದಪ್ಪ ಕಾದಂಬರಿಯ ಅರ್ಧದಲ್ಲಿದ್ದರು. ಮನೆಯವರ ಧ್ವನಿಯನ್ನೆಲ್ಲ ಅಣಕಿಸಿ ಒದೆ ತಿನ್ನುತ್ತಿದ್ದವನು ನಾನೇ ಆದ್ದರಿಂದ, ಓದಿ ಹೇಳುವ ಶಿಕ್ಷೆ ನನಗೇ ಬಿತ್ತು.

ಬೀದಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ಉಪ್ಪುಖಾರ ಸವರಿದ ಮಾವಿನಕಾಯಿ ಚೀಪುತ್ತಾ ನಾನು ಕಾದಂಬರಿಯ ಸೊಸೆ ಪಂಕಜಳಿಗೆ ಅಮ್ಮನ ಧ್ವನಿ, ಅವಳ ಅತ್ತೆಗೆ ಪಕ್ಕದ ಮನೆ ಆಂಟಿಯ ಮೂಗುಧ್ವನಿ, ಪುಕ್ಕಲು ಗಂಡನಿಗೆ ನನ್ನದೇ ಧ್ವನಿ ಕೊಟ್ಟೆ. ವರ್ಣನೆ ಬಂದರೆ ಪುಟ ಹಾರಿಸುತ್ತಿದ್ದೆ.

“ಏನೋ, ಇದ್ದಕ್ಕಿದ್ದಂಗೆ ಮಧ್ಯಾಹ್ನ ಆಗ್ಬಿಡ್ತು?”

“ಬೇಸಿಗೆ ಅಲ್ವಾ ದೊಡ್ಡಮ್ಮ, ಸೂರ್ಯ ಬೇಗ ಬೇಗ ಬರ್ತಾನೆ.”

“ತಲೆಹರಟೆ. ಹಿಂದಕ್ಕೆ ಹೋಗು, ಅವನು ಹುಟ್ಟೋದನ್ನೂ ಓದು.”

ಗೊಣಗಿಕೊಂಡೇ ಓದಿದೆ. ಆ ಸೂರ್ಯ ನಿಜಕ್ಕೂ ಚೆನ್ನಾಗಿದ್ದ. ಪಂಕಜ ಬೆಳಗಿಟ್ಟ ಪಾತ್ರೆಗಳ ಮೇಲೆ ಮೊದಲು ಬೀಳುತ್ತಿದ್ದ.

ಒಂದು ದಿನ ದೊಡ್ಡಮ್ಮ ಮಲಗಿದ್ದಾಗ ಕೊನೆಯ ಅಧ್ಯಾಯ ಕದ್ದು ಓದಿದೆ. ಜ್ವರ ಬಂದು ಪಂಕಜ ಸತ್ತುಹೋಗುತ್ತಾಳೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ದೊಡ್ಡಮ್ಮ ಅತ್ತರೆ ಕಣ್ಣೇ ಹೋಗುತ್ತದೆ ಎಂದು ನಾನು ನಂಬಿದ್ದೆ. ಹಾಗಾಗಿ ಮರುದಿನ, ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಪಂಕಜಳ ಜ್ವರ ಇಳಿಸಿದೆ. ಅತ್ತೆಯಿಂದ ಕ್ಷಮೆ ಕೇಳಿಸಿದೆ. ಎಲ್ಲರಿಗೂ ಶಾವಿಗೆ ಪಾಯಸ ಬಡಿಸಿದೆ.

“ದ್ರಾಕ್ಷಿ ಹಾಕಿದ್ರಂತಾ?” ಎಂದರು ದೊಡ್ಡಮ್ಮ.

“ಗೋಡಂಬೀನೂ ಹಾಕಿದ್ರು.”

ನಕ್ಕರು. ಕಣ್ಣು ಒಣಗಿಯೇ ಇತ್ತು.

ಹೊಸ ಕನ್ನಡಕ ಬಂದ ದಿನವೇ ಅವರು ಆ ಪುಸ್ತಕ ತೆಗೆದರು. ಸಂಜೆ ನನ್ನನ್ನು ಕರೆದಾಗ ಮೂಗು ಕೆಂಪಾಗಿತ್ತು. ಒದೆ ಬೀಳುತ್ತದೆಂದು ಬಾಗಿಲಲ್ಲೇ ನಿಂತೆ.

“ನೀನು ಪಂಕಜಂಗೆ ಪಾಯಸ ತಿನ್ನಿಸಿ ಕಳಿಸ್ಬಿಟ್ಟೆ, ಮಾರನೇ ದಿನಕ್ಕೆ ನಂಗೆ ಮರ್ತೇ ಹೋದ್ಲು. ಇವರು ಸಾಯಿಸಿದಾರೆ, ಬೆಳಗ್ಗೆಯಿಂದ ಅವಳ ಜೊತೇನೇ ಮಾತಾಡ್ತಾ ಇದೀನಿ. ಬರೆದೋರೇ ಮೇಲು ಕಣೋ.” ಕನ್ನಡಕ ಒರೆಸಿಕೊಳ್ಳುತ್ತಾ, “ಆದ್ರೆ ಅವತ್ತಿಗೆ ನೀನೇ ಮೇಲು,” ಎಂದರು.

ಈಗ ವಿಜಯನಗರದಲ್ಲಿ ಮೆಟ್ರೋ ಹತ್ತಿ ನಿಂತೇ ಓದುತ್ತೇನೆ. ಬ್ಯಾಗಿನಲ್ಲಿ ಎರಡು ಹೊಸ ಕಾದಂಬರಿಗಳಿವೆ. ಒಂದರ ಭಾಷೆ ನೋಡಿ ಹೊಟ್ಟೆಕಿಚ್ಚಾಗುತ್ತದೆ. ಇನ್ನೊಂದರಲ್ಲಿ ಅರ್ಧ ಪುಟದೊಳಗೆ ಒಂದು ಮದುವೆ ಸದ್ದಿಲ್ಲದೆ ಮುರಿಯುತ್ತದೆ. ಎರಡಕ್ಕೂ ಜಾಣತನ ತುಸು ಹೆಚ್ಚೇ, ನನ್ನ ಹಾಗೆ. ಆದರೂ ಮೆಚ್ಚುತ್ತೇನೆ. ಮೆಚ್ಚುವುದೊಂದೇ ಮಾಡುತ್ತೇನೆ ಎಂಬುದೇ ಬೇಜಾರು. ಯಾರನ್ನೋ ಉಳಿಸಿಕೊಳ್ಳಲು ಪುಸ್ತಕದ ಮೇಲೇ ಜಗಳಕ್ಕೆ ಹೋಗುತ್ತಿದ್ದ ಹುಡುಗ ಎಲ್ಲಿ ಹೋದನೋ ಗೊತ್ತಿಲ್ಲ. ಈಗ ಯಾರಾದರೂ ಸತ್ತರೆ, ಆಹಾ ಎಷ್ಟು ಚೆನ್ನಾಗಿ ಸಾಯಿಸಿದ್ದಾರೆ ಎಂದುಕೊಂಡು ನನ್ನ ಸ್ಟೇಷನ್ನಿನಲ್ಲಿ ಇಳಿದುಬಿಡುತ್ತೇನೆ.