ಹನ್ನಮ್ಮನ ಮಡಕೆಯ ಕೂಸು

"ಸತ್ತವರ ಮನಿ ಬಾಗಿಲಾ ಬಡಿಯಾಕ ಏಳು ಸಮುದ್ರ ದಾಟಿ ಬಂದಾಳ ನೋಡ್ರಿ. ಬದುಕಿದವರ‍್ಯಾರೂ ಸಿಗಲಿಲ್ಲೇನು ಈಕಿಗೆ?"

ಹನ್ನಮ್ಮ ಗುಡ್ಡದ ಕಡೆ ಹೊರಟಳೆಂದರೆ ಎದುರು ಮನೆಯ ಕಳಕಮ್ಮ ಹೀಗನ್ನುತ್ತಿದ್ದಳು. ಉಳಿದವರೇನು ಕಡಿಮೆಯೇ? ನಿಧಿ ಕೀಳಲು ಬಂದಿದ್ದಾಳೆ, ಗಂಡನಿಗೆ ಪಾಲು ಕೊಡಬೇಕಾಗುತ್ತದೆಂದು ಮದುವೆಯಾಗಿಲ್ಲ ಎಂದರು ಕೆಲವರು. ಇಲ್ಲ, ಹೋದ ಜನ್ಮದಲ್ಲಿ ಮೋರೇರವಳೇ ಆಗಿದ್ದಳು, ತನ್ನ ಮನೆ ಹುಡುಕಿಕೊಂಡು ಬಂದಿದ್ದಾಳೆ ಎಂದರು ಇನ್ನು ಕೆಲವರು. ಗಂಗಾವತಿ ಸೀಮೆಯ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಲಿನ ಗೂಡುಗಳಿವೆಯಲ್ಲ, ಅವೇ ಮೋರೇರ ಮನೆಗಳು. ಗೇಣುದ್ದದ ಜನ ಅಲ್ಲಿ ಸಂಸಾರ ಮಾಡಿದ್ದರಂತೆ. ಹನ್ನಮ್ಮ ಮಾತ್ರ ಅವು ಮನೆಗಳಲ್ಲ, ಸಮಾಧಿಗಳು ಅನ್ನುತ್ತಿದ್ದಳು.

ಅವಳ ನಿಜವಾದ ಹೆಸರು ಹನ್ನೆಲೋರೆ. ಜರ್ಮನಿಯಲ್ಲಿ ಪುರಾತತ್ವದ ಕೆಲಸಕ್ಕೆ ಬಂದ ಹೆಂಗಸರೆಂದರೆ ಮಡಕೆ ಚೂರು ತೊಳೆದು ಪೆಟ್ಟಿಗೆ ತುಂಬುವವರು ಎಂದುಕೊಂಡಿದ್ದ ಕಾಲದಲ್ಲಿ ತಾನೇ ಮುಂದೆ ನಿಂತು ನೆಲ ಅಗೆಸಿದವಳು. ಇಲ್ಲಿಗೆ ಬಂದಾಗ ಮೂವತ್ತೈದರ ಹರೆಯ.

ಹೊಳಿಯಮ್ಮ ಅವಳ ಹತ್ತಿರ ಮಣ್ಣು ಹೊರುವ ಕೂಲಿಗೆ ಸೇರಿದ್ದು ಹದಿನಾರರಲ್ಲಿ. ಮೊದಲ ದಿನವೇ ಕೆಂಪು ಚೂರೊಂದು ಕಂಡಿತು. ಚಟ್ಟನೆ ಎತ್ತಿ ತೋರಿಸಲು ಹೋದಳು.

"ಎತ್ತಬ್ಯಾಡ! ಮೊದಲ ಚೀಟಿ!"

ಹನ್ನಮ್ಮನ ದನಿಗೆ ಬೆಚ್ಚಿದ ಹುಡುಗಿ ಬುಟ್ಟಿ ಬಿಟ್ಟು ಓಡಿದ್ದಳು. ಆಮೇಲೆ ಹನ್ನಮ್ಮ ತಾನೇ ಅವಳನ್ನು ಕರೆದು ಪಕ್ಕ ಕೂರಿಸಿಕೊಂಡು ಹೇಳಿದಳು: "ಚೀಟಿ ಇಲ್ಲದ್ದು ಪರದೇಶಿ ಕೂಸು ಐತಿ, ಹೊಳಿಯಮ್ಮ. ಯಾರ ಮಡಿಲಾಗ ಇತ್ತು ಅಂತ ಯಾರಿಗೂ ಗೊತ್ತಾಗೂದಿಲ್ಲ."

ಸ್ಥಳ, ಆಳ, ದಿನ, ಕೊನೆಗೆ ಎತ್ತಿದವರ ಹೆಸರು. ಚೀಟಿಯಲ್ಲಿ ಇಷ್ಟೂ ಇರಬೇಕು. ಸರಿಯಿದ್ದರೆ ಹನ್ನಮ್ಮ ಮೂಲೆಯಲ್ಲಿ ಗುಬ್ಬಿಯ ಕಾಲಿನಂಥ ಗುರುತು ಹಾಕುತ್ತಿದ್ದಳು. ಸಾಲೆಯ ಕಟ್ಟೆ ಹತ್ತದ ಹೊಳಿಯಮ್ಮ ಈ ಚೀಟಿಗಳ ಮೇಲೆಯೇ ಅಕ್ಷರ ಕಲಿತಳು. ಎರಡು ವರ್ಷಕ್ಕೆ ಬುಟ್ಟಿ ಬಿಟ್ಟು ಕುಂಚ ಹಿಡಿದಳು. ಅಂಗಾಲು ಊರಿದರೆ ಸಾಕು, "ಇಲ್ಲಿ ಯಾರೋ ಹಿಂದ ಅಗದಾರ್ರೀ ಅಮ್ಮಾರ" ಎನ್ನುತ್ತಿದ್ದಳು. ಅಗೆದರೆ ಅದೇ ನಿಜವಾಗುತ್ತಿತ್ತು.

ಹನ್ನಮ್ಮನಿಗೂ ಅವಳ ದೇಶದ ದೊಡ್ಡ ವಿದ್ವಾಂಸರಿಗೂ ಒಂದು ಜಗಳವಿತ್ತು. ಇವು ದಂಡನಾಯಕರ, ದೊರೆಗಳ ಸಮಾಧಿ ಎಂದು ಅವರ ವಾದ. ಇಲ್ಲ, ಇಲ್ಲಿ ಮಕ್ಕಳನ್ನೂ ಇಟ್ಟಿದ್ದಾರೆ, ಈ ಜನಕ್ಕೆ ಕೂಸೂ ದೊರೆಯಷ್ಟೇ ದೊಡ್ಡದು ಎಂದು ಇವಳ ಹಟ. ಹತ್ತು ವರ್ಷ ಅಗೆಸಿದಳು. ಸಿಕ್ಕಿದ್ದೆಲ್ಲ ದೊಡ್ಡವರ ಎಲುಬೇ.

ಹನ್ನೊಂದನೆಯ ವರ್ಷದ ಬೇಸಿಗೆಯಲ್ಲಿ ಮೂಲೆಯ ಗೂಡಿನಲ್ಲಿ ಬಾಯಿ ಮುಚ್ಚಿದ ಮಡಕೆಯೊಂದು ಸಿಕ್ಕಿತು. ಮಣ್ಣುಸಮೇತ ಎತ್ತಿ ಮನೆಗೆ ತಂದರು. ಸಂಜೆ ಹನ್ನಮ್ಮ ಕುಂಚದಿಂದ ಒಂದೊಂದೇ ಪದರ ಬಿಡಿಸಿದಳು. ಒಳಗೆ ಎಳೆಯ ಕೂಸಿನ ಎಲುಬು. ಬೆರಳಿಗಿಂತ ತೆಳ್ಳಗಿನ ಪಕ್ಕೆಲುಬು, ಸಜ್ಜೆಕಾಳಿನಂಥ ಹಲ್ಲು. ಹನ್ನಮ್ಮ ಹೊಳಿಯಮ್ಮನ ಎರಡೂ ಕೈ ಹಿಡಿದು ಕುಣಿದೇಬಿಟ್ಟಳು.

"ನಾಳೆ ಬಿಸಲು ಬಿದ್ದ ಮ್ಯಾಲೆ ಫೋಟೋ ತಗಿಯೂಣು. ಆಮ್ಯಾಲೆ ಅವರೆಲ್ಲಾ ಬಾಯಿ ಮುಚಗೋತಾರ!"

ಹೊಳಿಯಮ್ಮ ನಗಲಿಲ್ಲ. ಅವಳ ಮೂರು ತಿಂಗಳ ಹೆಣ್ಣುಕೂಸು ಜ್ವರ ಬಂದು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ನಮ್ಮ ಕಡೆ ಎಳೆಯ ಕೂಸನ್ನು ಸುಡುವುದಿಲ್ಲ. ಮಣ್ಣಿಗಿಟ್ಟು, ಮೂರನೆಯ ದಿನ ಮೇಲೆ ಹಾಲುತುಪ್ಪ ಬಿಡುತ್ತೇವೆ. ಅದರ ನಿದ್ದೆ ಕೆಡಿಸಬಾರದು. ಕೆಡಿಸಿದರೆ ಕೂಸು ಹಾಲಿಗಾಗಿ ಅಳುತ್ತಲೇ ಇರುತ್ತದಂತೆ. ಆ ರಾತ್ರಿಯೆಲ್ಲ ಹೊಳಿಯಮ್ಮನಿಗೆ ಅಳು ಕೇಳಿಸಿತು. ತನ್ನ ಕೂಸಿನದೋ, ಮಡಕೆಯ ಕೂಸಿನದೋ ತಿಳಿಯಲಿಲ್ಲ.

ನಸುಕಿನಲ್ಲಿ ಎದ್ದು ಹೋದಳು. ಹನ್ನಮ್ಮನ ಪಡಸಾಲೆಯ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಎಲುಬುಗಳನ್ನು ತನ್ನ ಮಗಳ ಕುಂಚಿಗೆಯಲ್ಲಿ ಸುತ್ತಿ, ಹೊಲದ ಬದುವಿನ ಬೇವಿನ ಬುಡದಲ್ಲಿ ಮೊಳದುದ್ದ ಅಗೆದು ಇಟ್ಟು, ಒಂದು ಬಟ್ಟಲು ಹಾಲು ಬಿಟ್ಟು ಬಂದಳು.

ಬೆಳಿಗ್ಗೆ ಖಾಲಿ ಮಡಕೆಯ ಮುಂದೆ ಹನ್ನಮ್ಮ ಕುಸಿದು ಕೂತಿದ್ದಳು. ಹೊಳಿಯಮ್ಮ ಬಾಗಿಲಲ್ಲಿ ನಿಂತೇ ಅಂದಳು: "ನಾಯಿ ಒಯ್ದಿರಬೇಕ್ರಿ."

ಎರಡೇ ಮಾತು. ಆ ಎರಡು ಮಾತಿನ ಬೆಲೆ ಅವಳಿಗೆ ನಿಧಾನವಾಗಿ ತಿಳಿಯಿತು. ಹನ್ನಮ್ಮ ತನ್ನ ದೇಶದ ವಿದ್ವಾಂಸರಿಗೆ ಕೂಸಿನ ವಿಷಯ ಬರೆದು ಕಳಿಸಿದಳು. ಎಲುಬು ಎಲ್ಲಿ ಎಂದು ಕೇಳಿದರು. ನಾಯಿ ಒಯ್ಯಿತು ಎಂದಳು. ನಕ್ಕರು. ಕಟ್ಟುಕಥೆ ಬರೆಯುವ ಹೆಂಗಸು ಎಂದು ಹೆಸರಿಟ್ಟರು. ಅಗೆಯುವ ಪರವಾನಗಿಯೂ ಹೋಯಿತು, ಅಲ್ಲಿಯ ನೌಕರಿಯೂ ಹೋಯಿತು. ಬೇರೆಯವರ ಪುಸ್ತಕಗಳಿಗೆ ಮಡಕೆಯ ಚಿತ್ರ ಬರೆದುಕೊಂಡು ಅದೇ ಬಾಡಿಗೆ ಮನೆಯಲ್ಲಿ ಉಳಿದಳು. ವರ್ಷಕ್ಕೊಮ್ಮೆ ಕಾಗದಪತ್ರಕ್ಕೆಂದು ತನ್ನ ದೇಶಕ್ಕೆ ಹೋಗುವಾಗ ಹೊಸ್ತಿಲಲ್ಲಿ ತಿರುಗಿ ನಿಂತು "ಹೋಗಿ ಬರ್ತೇನಿ, ಹೊಳಿಯಮ್ಮ" ಅನ್ನುವಳು. ಹಗಲಾಗಲಿ, ಸಂಜೆಯಾಗಲಿ, ಆ ಬಾಗಿಲಿಗೆ ಅಗುಳಿ ಹಾಕುವುದನ್ನು ಮತ್ತೆಂದೂ ಮರೆಯಲಿಲ್ಲ.

"ತಪ್ಪು ನಂದ," ಅನ್ನುತ್ತಿದ್ದಳು. "ಒಂದು ಅಗುಳಿ ಹಾಕಿದ್ರ ಸಾಕಿತ್ತು."

ಪ್ರತಿ ಸಲವೂ ಹೊಳಿಯಮ್ಮ ಹೇಳಬೇಕೆಂದು ಬಾಯಿ ತೆರೆದಳು. ಪ್ರತಿ ಸಲವೂ "ಚಹಾ ಮಾಡ್ಲೇನ್ರೀ ಅಮ್ಮಾರ?" ಎಂದು ಒಳಗೆ ಹೋದಳು. ಹೀಗೆ ಮೂವತ್ತೆರಡು ವರ್ಷ ಚಹಾ ಮಾಡಿದಳು.

ಹೋದ ಚಳಿಗಾಲದಲ್ಲಿ ಹನ್ನಮ್ಮ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಳು. ಮಲಗಿದಲ್ಲೇ ನೆನಪು ಸೋರತೊಡಗಿತು. ಮೊದಲು ಜನರ ಹೆಸರು ಹೋದವು, ಆಮೇಲೆ ಕನ್ನಡವೇ ಹೋಯಿತು. ಕಡೆಗೆ ಉಳಿದದ್ದು ತಾಯಿಮಾತೊಂದೇ. ಕಳಕಮ್ಮ ಬಂದು ಹಣೆ ನೇವರಿಸಿ, "ಏ ಹನ್ನಮ್ಮ, ಒಮ್ಮೆರ ಬೈಯ ನನ್ನ, ಎಷ್ಟ ಕಾಡೀನಿ ನಿನ್ನ" ಎಂದು ಕಣ್ಣೊರೆಸಿಕೊಂಡಳು. ಜರ್ಮನಿಯಿಂದ ತಂಗಿಯ ಮಗಳು ಬಂದಳು. ಕರೆದೊಯ್ಯುವ ದಿನ ಗೊತ್ತಾಯಿತು.

ಹಿಂದಿನ ದಿನ ಹೊಳಿಯಮ್ಮ ಗುದ್ದಲಿ, ಕುಂಚ ಹಿಡಿದು ಹೊಲಕ್ಕೆ ಹೋದಳು. ಕಾಲುವೆ ನೀರು ಬಂದ ಮೇಲೆ ಬೇವು ಕಡಿದು, ಬದು ಕೆಡವಿ, ಎಲ್ಲವನ್ನೂ ಭತ್ತದ ಗದ್ದೆ ಮಾಡಿದ್ದರು. ಅಂಗಾಲೂರಿ ಹುಡುಕಿದಳು. ಹನ್ನಮ್ಮ ಕಲಿಸಿದ ಹಾಗೆ ಪದರ ಪದರವಾಗಿ ಬಿಡಿಸಿದಳು. ಎಲುಬಿಲ್ಲ, ಮಗಳ ಕುಂಚಿಗೆಯ ನೂಲಿಲ್ಲ. ನೀರು ನಿಂತ ಕಪ್ಪು ಮಣ್ಣು ಎರಡೂ ಕೂಸುಗಳ ಗುರುತನ್ನು ತಿಂದುಹಾಕಿತ್ತು. ಒಂದು ಹಿಡಿ ಮಣ್ಣನ್ನು ಬಟ್ಟೆಯ ಚೀಲಕ್ಕೆ ತುಂಬಿದಳು. ಗದ್ದೆಯ ಅಂಚಿಗೆ ಕೂತು ಚೀಟಿ ಬರೆದು ಚೀಲದ ದಾರಕ್ಕೆ ಕಟ್ಟಿದಳು.

ಸ್ಥಳ: ಬೇವಿನ ಬುಡ, ಈಗ ಬೇವು ಇಲ್ಲ. ಆಳ: ಒಂದು ಮೊಳ. ದಿನ: ಮಡಕೆ ಸಿಕ್ಕ ಮರುದಿನ. ಎತ್ತಿದವರು: ಹೊಳಿಯಮ್ಮ.

ಮರುದಿನ ಬೆಳಿಗ್ಗೆ ಡ್ರೈವರ್ ಅಸ್ಲಮನ ಬಾಡಿಗೆ ಕಾರು ಬಾಗಿಲಿಗೆ ಬಂತು. ಪಡಸಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಹನ್ನಮ್ಮ. ಹೊಳಿಯಮ್ಮ ಅವಳ ಕಾಲ ಬಳಿ ಕೂತು ಚೀಲವನ್ನು ತೊಡೆಯ ಮೇಲಿಟ್ಟಳು.

"ನಾಯಿ ಅಲ್ರೀ ಅಮ್ಮಾರ. ನಾನು. ನಾನ ಒಯ್ದು ಮಣ್ಣಿಗಿಟ್ಟೆ. ಅದು ಹಾಲಿಗೆ ಅಳ್ತಿತ್ರಿ... ನಿಮ್ಮ ಬಾಳೇವು ಅದರಾಗ ಐತಿ ಅಂತ ನನಗ ತಿಳೀಲಿಲ್ಲ. ತಿಳದ ಮ್ಯಾಲೂ ಹೇಳಲಿಲ್ಲ."

ನೀಲಿ ಕಣ್ಣು ಅವಳ ಮುಖದ ಮೇಲೆ ನಿಂತಿತು, ಪರಊರಿನವರನ್ನು ನೋಡಿದ ಹಾಗೆ. ಆದರೆ ಬೆರಳುಗಳು ಚೀಲವನ್ನು ತಡವಿದವು. ಬಟ್ಟೆಯ ಮೇಲಿಂದಲೇ ಮಣ್ಣನ್ನು ಹಿಚುಕಿದವು. ದಾರ ಹುಡುಕಿದವು, ಚೀಟಿ ಹಿಡಿದವು. ಹನ್ನಮ್ಮ ಅದನ್ನು ಕಣ್ಣ ಹತ್ತಿರ ತಂದುಕೊಂಡಳು. ಓದಿದಳೋ, ಬರೀ ನೋಡಿದಳೋ. ಆಮೇಲೆ ಬಲಗೈಯ ಹೆಬ್ಬೆರಳು ತೋರುಬೆರಳು ಕೂಡಿಸಿ ಗಾಳಿಯಲ್ಲಿ ಹಿಡಿದಳು.

ಸೀಸದ ಕಡ್ಡಿ! ಗುರುತು ಹಾಕಲು ಕೇಳುತ್ತಿದ್ದಾಳೆ!

ಹೊಳಿಯಮ್ಮ ಒಳಗೆ ಓಡಿದಳು. ಎಲ್ಲ ಪೆಟ್ಟಿಗೆಗಳಿಗೆ ಬೀಗ ಬಿದ್ದಿತ್ತು. ಮಾಡ, ಗೂಡು, ಜಂತಿಯ ಸಂದು ತಡಕಾಡಿದಳು. ಅಡಿಗೆಮನೆಯ ಕಿಟಕಿಯಲ್ಲಿ ಒಂದಿಂಚಿನ ತುಂಡು ಸಿಕ್ಕಿತು. ಹಿಡಿದು ಹೊರಗೆ ಬಂದಳು.

ಕುರ್ಚಿ ಖಾಲಿಯಿತ್ತು. ಚೀಲ ಕಟ್ಟೆಯ ಮೇಲಿತ್ತು. "ವಿಮಾನದಾಗ ಮಣ್ಣ ಒಯ್ಯಾಕ ಬಿಡೂದಿಲ್ಲಂತ ಅಕ್ಕ, ಅದಕ್ಕ ಆ ಮೇಡಮ್ಮಾರು ತಗದಿಟ್ರು" ಎಂದ ಅಸ್ಲಮ, ಕಾರಿನ ಬಾಗಿಲು ಹಾಕಿಕೊಳ್ಳುತ್ತ. "ಹೊತ್ತಾಗೈತಿ."

ಹೊಸ್ತಿಲ ಹೊರಗೆ ನಿಂತು ಹೊಳಿಯಮ್ಮ ಕಾದಳು. ಕಾರಿನ ಕಿಟಕಿಯಲ್ಲಿ ಬಿಳಿಯ ತಲೆಯೊಂದು ನೆಟ್ಟಗೆ ಮುಂದೆ ನೋಡುತ್ತ ಕೂತಿತ್ತು. ತಿರುಗಲಿಲ್ಲ. ಹೋಗಿ ಬರುತ್ತೇನೆ ಅನ್ನಲಿಲ್ಲ. ಕಾರು ಓಣಿ ದಾಟಿತು. ಕಟ್ಟೆಯ ಮೇಲಿನ ಚೀಟಿಯ ಮೂಲೆ ಖಾಲಿಯೇ ಇತ್ತು.