ಎಡಗೈಯ ಮೌಸು

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದ ಆಕೆ ಎಡಚಿ. ಮೌಸು ಸದಾ ಕೀಬೋರ್ಡಿನ ಎಡಕ್ಕೇ ಇರುತ್ತಿತ್ತು. ಅದರ ಗುಂಡಿಗಳನ್ನೂ ಎಡಗೈಗೆ ಒಗ್ಗುವಂತೆ ಅದಲುಬದಲು ಮಾಡಿಟ್ಟಿದ್ದಳು. ಏನು ಕೆಟ್ಟರೂ ಮೊದಲು ನಗುವುದು, ಆಮೇಲೆ “ಇರ್ಲಿ ಬುಡಿ, ಸರಿ ಮಾಡ್ತೀನಿ” ಅನ್ನುವುದು ಆಕೆಯ ರೂಢಿ.

ಒಂದು ಬೆಳಿಗ್ಗೆ ನಾನು ಹೋದಾಗ ಮೌಸು ಆಕೆಯ ಮಾತು ಕೇಳುತ್ತಿರಲಿಲ್ಲ. ಹಿಂದಿನ ದಿನ ಕಂಪ್ಯೂಟರಿಗೆ ಲಿನಕ್ಸ್ ಎಂಬ ಹೊಸ ತಂತ್ರಾಂಶ ಹಾಕಿದ್ದಳಂತೆ. ಗುಂಡಿಗಳು ಮತ್ತೆ ಬಲಗೈಯವರ ಪಾಲಾಗಿದ್ದವು. ಮಗನ ಲಗ್ನಪತ್ರಿಕೆ ಮಾಡಿಸಲು ಬೆಟ್ಟದಪುರದಿಂದ ಬಂದಿದ್ದ ಯಜಮಾನರು ಚಡಪಡಿಸುತ್ತಿದ್ದರು.

“ಶುಭಕಾರ್ಯ ಕಣವ್ವ, ಎಡಗೈ ಯಾಕೆ? ಕೈ ಬದ್ಲಾಯ್ಸು, ಆಯ್ತದೆ.”

“ಚಿಕ್ಕೋಳಿದ್ದಾಗ್ಲಿಂದ ಎಲ್ರೂ ಅದ್ನೇ ಯೋಳವ್ರೆ. ಇರ್ಲಿ ಬುಡಿ, ಸರಿ ಮಾಡ್ತೀನಿ.”

ಮೌಸಿನ ಸೆಟ್ಟಿಂಗ್ಸ್ ತೆರೆದರೆ ಅಲ್ಲಿ ಆಗಲೇ ಎಡಗೈ ಎಂದೇ ಇತ್ತು! ಆಕೆ ಬಿದ್ದು ಬಿದ್ದು ನಕ್ಕಳು. ಅದನ್ನು ಒಮ್ಮೆ ಬಲಗೈಗೆ ಬದಲಿಸಿ, ಮತ್ತೆ ಎಡಗೈಗೆ ತಂದಳು. ಮೌಸು ದಾರಿಗೆ ಬಂತು. ಸ್ವಲ್ಪ ಹೊತ್ತಿಗೆ ಪತ್ರಿಕೆಯೂ ಸಿದ್ಧವಾಯಿತು.

“ಹೆಸ್ರೆಲ್ಲ ಸರಿಯಾಗವಾ, ನೀವೇ ನೋಡ್ಬುಡಿ” ಎಂದು ಕುರ್ಚಿ ಬಿಟ್ಟುಕೊಟ್ಟು, ಪ್ರಿಂಟರಿಗೆ ಹಾಳೆ ತುಂಬಲು ಎದ್ದಳು.

ಯಜಮಾನರು ಮೊದಲ ಪುಟ ನೋಡಲೆಂದು ಬಲಗೈಯಲ್ಲಿ ಮೌಸು ಹಿಡಿದು ಒತ್ತಿದರು. ಪುಟ ಬರಲಿಲ್ಲ, ಮದುಮಗನ ಹೆಸರಿನ ಮೇಲೆ ಏನೇನೋ ಪಟ್ಟಿ ಬಿಚ್ಚಿಕೊಂಡಿತು. ಇನ್ನೊಮ್ಮೆ ಒತ್ತಿದರೂ ಅದೇ ಪಟ್ಟಿ.

“ಇದ್ಯಾಕವ್ವ ಇಂಗಾಡ್ತದೆ?”

ಹಾಳೆಯ ಕಟ್ಟನ್ನು ಎದೆಗವಚಿಕೊಂಡು, ನಗು ತಡೆಯಲಾಗದೆ ಆಕೆ ಅಂದಳು: “ಕೈ ಬದ್ಲಾಯ್ಸಿ, ಯಜಮಾನ್ರೇ.”

ಅವರು ಅತ್ತಿತ್ತ ನೋಡಿ, ಎಡಗೈಯಿಂದ ಮೆಲ್ಲಗೆ ಒತ್ತಿದರು. ಪರದೆಯ ತುಂಬ ಗಣಪತಿ ಬಂದು ಕುಳಿತ.