ಗುಂಪಿಗೆ ಸೇರಿದ ಹಕ್ಕಿ

ಕಡೂರಿನಲ್ಲಿ ನಮ್ಮ ಪಕ್ಕದ ಮನೆಯ ಸ್ಟುಡಿಯೋ ಅಣ್ಣ ಮದುಮಕ್ಕಳಿಗೂ ‘ನಗಿ’ ಅನ್ನುತ್ತಿರಲಿಲ್ಲ. “ಇರ್ಲಿ ಕಣ್ರೀ, ನಗು ತಾನಾಗೇ ಬತ್ತದೆ” ಎಂದು ಕಾಯುತ್ತಿದ್ದರು. ಚಳಿಗಾಲ ಬಂತೆಂದರೆ ಅಂಗಡಿಗೆ ಬೀಗ ಹಾಕಿ, ಘಟ್ಟ ಇಳಿದು, ಕಡಲಹಕ್ಕಿಗಳ ಫೋಟೋ ತೆಗೆಯಲು ಹೋಗುತ್ತಿದ್ದರು.

ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಬೆಳಗಿನ ಮಂಜಿನಲ್ಲಿ ನೀರು ಯಾವುದು, ಆಕಾಶ ಯಾವುದು ತಿಳಿಯುತ್ತಿರಲಿಲ್ಲ. ದಡದಲ್ಲಿ ಒಂದು ಹಕ್ಕಿ ಕಾಲಿಗೆ ಗಾಳದ ದಾರ ಸುತ್ತಿಕೊಂಡು ಒದ್ದಾಡುತ್ತಿತ್ತು. ಅಣ್ಣ ಕ್ಯಾಮೆರಾವನ್ನು ನನ್ನ ಕೈಗಿತ್ತು, ಹಕ್ಕಿಯನ್ನು ಟವೆಲ್ಲಿನಲ್ಲಿ ಹಿಡಿದು, ದಾರವನ್ನು ಹಲ್ಲಿನಿಂದ ಕಡಿದರು. ಅದು ಬೆರಳಿಗೆ ಕುಕ್ಕಿದರೂ ಬಿಡಲಿಲ್ಲ. ದಾರ ಬಿಚ್ಚಿದ್ದೇ ತಡ, ಹಕ್ಕಿ ಹಾರಿ ನೀರಂಚಿನಲ್ಲಿ ಕೂತಿದ್ದ ಹಕ್ಕಿಗಳ ಗುಂಪಿಗೆ ಸೇರಿಕೊಂಡಿತು.

“ಅದ್ಯಾವ್ದೋ ಈಗ?” ಎಂದು ಕೇಳಿದರು.

“ಗೊತ್ತಾಗ್ತಿಲ್ಲ ಅಣ್ಣಾ, ಎಲ್ಲಾ ಒಂದೇ ಥರ ಇದಾವೆ.”

“ಹಂಗಾದ್ರೆ ಎಲ್ಲಾನೂ ತೆಗೀತೀನಿ, ಕೊಡೋ” ಎಂದು ರಕ್ತ ಸೋರುವ ಕೈಯಲ್ಲೇ ಕ್ಯಾಮೆರಾ ಇಸಿದುಕೊಂಡರು.